ಕ್ಯಾಪಿಟಲ್ ಟೂರ್: ಗುಮ್ಮಟ ನೋಡಿ ವಾಪಸ್ ಬರಬೇಡಿ, ಗ್ಯಾಲರಿಗೂ ಹೋಗಿ

ವಾಷಿಂಗ್ಟನ್ ಡಿಸಿಗೆ ಹೋದರೆ ಒಂದು ಪೂರ್ತಿ ದಿನ ಕ್ಯಾಪಿಟಲ್‌ಗೆ, ಅಂದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕೂರುವ ಕಟ್ಟಡಕ್ಕೆ, ಇಡಿ. ಒಳಗಿನ ಟೂರ್ ಉಚಿತ. ಇದು ಗೊತ್ತಿಲ್ಲದೆ ನಾವು ಮೊದಲು ಒಂದು ಖಾಸಗಿ ವಾಕಿಂಗ್ ಟೂರ್‌ಗೆ ದುಡ್ಡು ಕಟ್ಟಿದ್ದೆವು. ಒಳಗೆ ಕರೆದುಕೊಂಡು ಹೋಗುತ್ತೇವೆ ಅಂದವರು ಹೊರಗೇ ನಿಂತು ಕಥೆ ಹೇಳಿ, ಬಾಗಿಲ ಹತ್ತಿರ ಬಿಟ್ಟು ಹೋದರು. ತುಂಬಾ ಬೇಜಾರಾಯಿತು. ನೀವು ವಿಸಿಟರ್ ಸೆಂಟರ್‌ನ ವೆಬ್‌ಸೈಟ್‌ನಲ್ಲೇ ಬುಕ್ ಮಾಡಿ.

ಮೊದಲು 13 ನಿಮಿಷದ ಸಿನಿಮಾ ತೋರಿಸುತ್ತಾರೆ. ಆಮೇಲೆ ಕ್ರಿಪ್ಟ್ (ಕೆಳಗಿನ ಕಂಬಗಳ ಕೋಣೆ), ರೊಟಂಡಾ (ಗುಮ್ಮಟದ ಕೆಳಗಿನ ದುಂಡನೆಯ ಹಾಲ್), ಸ್ಟ್ಯಾಚುವರಿ ಹಾಲ್ (ಪ್ರತಿಮೆಗಳ ಹಾಲ್). ರೊಟಂಡಾದಲ್ಲಿ ಎಲ್ಲರೂ ಕತ್ತೆತ್ತಿ ಗುಮ್ಮಟ ನೋಡುತ್ತಾರೆ, ನಾನೂ ನೋಡಿದೆ. ಆದರೆ ಅಪ್ಪ ನಿಂತಿದ್ದು ಗೋಡೆಯ ಮೇಲಿನ ಒಂದು ದೊಡ್ಡ ಚಿತ್ರದ ಮುಂದೆ. 1783ರಲ್ಲಿ, ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಯುದ್ಧ ಗೆದ್ದ ಮೇಲೆ, ಜಾರ್ಜ್ ವಾಷಿಂಗ್ಟನ್ ಸೇನಾಪತಿಯ ಹುದ್ದೆಯನ್ನು ಕಾಂಗ್ರೆಸ್‌ಗೆ ವಾಪಸ್ ಕೊಡುತ್ತಿರುವ ಚಿತ್ರ ಅದು. ಸೈನ್ಯ ಕೈಯಲ್ಲಿದ್ದವನು ಸುಮ್ನೆ ಮನೆಗೆ ಹೋಗುವುದು ಸಣ್ಣ ಮಾತಲ್ಲ ಅಲ್ವಾ? ಅಲ್ಲಿಂದ ಅಪ್ಪನದು ಒಂದೇ ಪ್ರಶ್ನೆ: ಈ ದೇಶದಲ್ಲಿ ಕೊನೆಯ ಮಾತು ಯಾರದು, ಅಧ್ಯಕ್ಷರದೋ, ಕಾಂಗ್ರೆಸ್ಸಿನದೋ, ಕೋರ್ಟಿನದೋ?

ಮಾಮೂಲಿ ಟೂರ್‌ನಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ, ಯಾಕೆಂದರೆ ಅದು ಕಾಂಗ್ರೆಸ್ಸಿನ ಎರಡು ಸದನಗಳಾದ ಸೆನೆಟ್ ಮತ್ತು ಹೌಸ್ ಸಭಾಂಗಣಗಳ ಒಳಗೆ ಹೋಗುವುದಿಲ್ಲ. ಅದಕ್ಕೆ ಬೇರೆ ಗ್ಯಾಲರಿ ಪಾಸ್ ಬೇಕು. ನಮ್ಮಂಥ ವಿದೇಶಿಯರು ವಿಸಿಟರ್ ಸೆಂಟರ್‌ನ ಮೇಲಿನ ಮಹಡಿಯ ಕೌಂಟರ್‌ನಲ್ಲಿ ಗುರುತಿನ ಚೀಟಿ ತೋರಿಸಿ ಕೇಳಬಹುದು. ಫೋನ್, ಬ್ಯಾಗ್ ಹೊರಗೇ ಕೊಟ್ಟು ಹೋಗಬೇಕು.

ನಾವು ಸೆನೆಟ್ ಗ್ಯಾಲರಿಯಲ್ಲಿ ಕೂತಾಗ ಕೆಳಗೆ ನಾಲ್ಕೈದು ಜನ ಇದ್ದರು. ಒಬ್ಬರು ಮಾತಾಡುತ್ತಿದ್ದರು, ಕೇಳುವವರು ಹೆಚ್ಚು ಇರಲಿಲ್ಲ. ಆದರೂ ನನಗೆ ಮೈ ಜುಮ್ಮೆಂದಿತು. 1868ರಲ್ಲಿ ಅಧ್ಯಕ್ಷ ಆಂಡ್ರೂ ಜಾನ್ಸನ್ ಅವರನ್ನು ಹುದ್ದೆಯಿಂದ ತೆಗೆಯಬೇಕಾ ಅನ್ನುವ ವಿಚಾರಣೆ ನಡೆದದ್ದು ಇದೇ ಕೋಣೆಯಲ್ಲಿ. 35 ಮಂದಿ ತಪ್ಪಿತಸ್ಥ ಅಂದರು, 19 ಮಂದಿ ಅಲ್ಲ ಅಂದರು, ತೆಗೆಯಲು ಬೇಕಾದ ಮೂರರಲ್ಲಿ ಎರಡು ಪಾಲಿಗೆ ಒಂದೇ ಒಂದು ಮತ ಕಡಿಮೆಯಾಗಿ ಅವರ ಕುರ್ಚಿ ಉಳಿಯಿತು. ಅಧ್ಯಕ್ಷರು ವೀಟೋ ಮಾಡಿದ ಕಾನೂನನ್ನು ಮತ್ತೆ ಪಾಸ್ ಮಾಡಬೇಕಾದರೂ ಎರಡೂ ಸದನಗಳಲ್ಲಿ ಅಷ್ಟೇ ಪಾಲು ಬೇಕು. ಅಧ್ಯಕ್ಷರ ವಾರ್ಷಿಕ ಭಾಷಣಕ್ಕೂ ಕಾಂಗ್ರೆಸ್ ಕರೆಯಬೇಕು. 2019ರಲ್ಲಿ ಸರ್ಕಾರದ ಕಚೇರಿಗಳು ಮುಚ್ಚಿದ್ದಾಗ ಹೌಸ್‌ನ ಸ್ಪೀಕರ್ ಆಗಿದ್ದ ನ್ಯಾನ್ಸಿ ಪೆಲೋಸಿ ತಡೆದರು, ಭಾಷಣ ಫೆಬ್ರವರಿ 5ಕ್ಕೆ ಹೋಯಿತು.

ನನಗೆ ಜಾಸ್ತಿ ಇಷ್ಟವಾಗಿದ್ದು ಹಳೆಯ ಸುಪ್ರೀಂ ಕೋರ್ಟ್ ಕೋಣೆ. ತೆರೆದಿದೆಯಾ ಅಂತ ಕೇಳಿ, ತೆರೆದಿದ್ದರೆ ಬಿಡಬೇಡಿ. ಅರ್ಧ ವೃತ್ತದ ಕೋಣೆ, ತಗ್ಗಾದ ಕಮಾನು. 1935ರವರೆಗೆ ಕೋರ್ಟಿಗೆ ಸ್ವಂತ ಕಟ್ಟಡವೇ ಇರಲಿಲ್ಲ, ಕಾಂಗ್ರೆಸ್ ಮನೆಯಲ್ಲೇ ಜಾಗ ಕೊಟ್ಟಿದ್ದರು. ಹಾಗೆ ಇನ್ನೊಬ್ಬರ ಮನೆಯಲ್ಲಿ ಇದ್ದುಕೊಂಡೇ 1803ರ ಮಾರ್ಬರಿ ಕೇಸಿನಲ್ಲಿ ಕಾಂಗ್ರೆಸ್ ಮಾಡಿದ ಕಾನೂನಿನ ಒಂದು ಭಾಗ ಸಂವಿಧಾನಕ್ಕೆ ವಿರುದ್ಧ, ನಡೆಯುವುದಿಲ್ಲ ಅಂತ ಜಡ್ಜ್‌ಗಳು ಅಂದರು. ಆ ಧೈರ್ಯ ಮುಂದೆಯೂ ಕೆಲಸಕ್ಕೆ ಬಂತು. 1952ರಲ್ಲಿ ಕೊರಿಯಾ ಯುದ್ಧದ ಸಮಯ, ಮುಷ್ಕರ ಆಗುತ್ತದೆ ಅಂತ ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನೇ ವಶಕ್ಕೆ ತೆಗೆದುಕೊಂಡರು. ಕೋರ್ಟ್ 6-3ರಲ್ಲಿ ಆಗಲ್ಲ ಅಂತು. ಆ ಆರರಲ್ಲಿ ಇಬ್ಬರು ಟ್ರೂಮನ್ ಅವರೇ ನೇಮಿಸಿದ ಜಡ್ಜ್‌ಗಳು! ಟ್ರೂಮನ್ ಕಾರ್ಖಾನೆಗಳನ್ನು ವಾಪಸ್ ಕೊಟ್ಟರು. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ಆ ಜಡ್ಜ್‌ಗಳನ್ನು ಒಪ್ಪುವುದು ಸೆನೆಟ್ ತಾನೇ, ಅಂದರು. ಹೌದು, ನೇಮಕ ಅಧ್ಯಕ್ಷರದು, ಒಪ್ಪಿಗೆ ಸೆನೆಟ್‌ನದು. ನಾವು ಆ ಪ್ರಶ್ನೆಯನ್ನು ಹೀಗೇ ಸುತ್ತು ಹಾಕಿಸುತ್ತಾ ಕಾರಿಡಾರ್ ಪೂರ್ತಿ ನಡೆದೆವು.

ನೀರಿನ ಬಾಟಲಿ ಖಾಲಿ ಮಾಡಿ ಹೋಗಿ, ತಿಂಡಿಯನ್ನೂ ಒಳಗೆ ಬಿಡುವುದಿಲ್ಲ. ಭಾನುವಾರ ರಜೆ. ಎದುರಿಗಿರುವ ಈಗಿನ ಸುಪ್ರೀಂ ಕೋರ್ಟ್ ಶನಿವಾರವೂ ತೆರೆದಿರುವುದಿಲ್ಲ, ಅದಕ್ಕೇ ಸೋಮವಾರದಿಂದ ಶುಕ್ರವಾರದ ಒಳಗೆ ಹೋಗಿ, ಎರಡನ್ನೂ ಒಂದೇ ದಿನ ನೋಡಬಹುದು. ನನ್ನ ಕಡೆಯಿಂದ 5ಕ್ಕೆ 5.