ಜಟಾಮಾಂಸಿಯೋ, ಲಾವಂಚವೋ?

ಬಳ್ಳಾರಿಯ ಗ್ರಂಧಿಗೆ ಅಂಗಡಿಯಲ್ಲಿ ಈ ಎರಡರಲ್ಲಿ ಯಾವುದು ತಗೊಳ್ಳಲಿ ಅಂತ ಯೋಚಿಸುತ್ತಿದ್ದೀರಾ? ಎರಡೂ ಘಮದ ಬೇರುಗಳೇ, ಆದರೆ ಕೆಲಸ ಬೇರೆ.

ಜಟಾಮಾಂಸಿ ಹಿಮಾಲಯದ ಗಿಡ. ಉತ್ತರಾಖಂಡ, ಸಿಕ್ಕಿಂ, ನೇಪಾಳದಲ್ಲಿ ಸುಮಾರು 3,000 ಮೀಟರ್‌ಗಿಂತ ಎತ್ತರದಲ್ಲಿ ಬೆಳೆಯುತ್ತದೆ, ನಸುಗುಲಾಬಿ ಹೂ ಬಿಡುತ್ತದೆ. ಔಷಧಿಗೆ ಬೇಕಾಗುವುದು ಮಾತ್ರ ಬೇರುಗಡ್ಡೆ. ಕೈಗೆತ್ತಿಕೊಂಡು ನೋಡಿ: ಮೈ ತುಂಬ ಒರಟು ಕಂದು ನಾರು, ಮುರಿದರೆ ಮೂಗಿಗೆ ಹೊಡೆಯುವ ಮಣ್ಣಿನಂಥ ಘಾಟು. ಆಯುರ್ವೇದದಲ್ಲಿ ಇದನ್ನು ನಿದ್ದೆಗೆ, ಮನಸ್ಸಿನ ತಳಮಳಕ್ಕೆ, ಕೂದಲೆಣ್ಣೆಗೆ ಹಿಂದಿನಿಂದಲೂ ಬಳಸುತ್ತಾರೆ. ಗಡ್ಡೆ ಕಿತ್ತರೆ ಗಿಡವೇ ಹೋಯಿತು ಅಲ್ವಾ, ಹೀಗೆ ಕಾಡಿನಿಂದ ಕಿತ್ತು ಕಿತ್ತೇ ಅದು ಈಗ ಅಳಿವಿನಂಚಿಗೆ ಬಂದು ನಿಂತಿದೆ, ನನಗೆ ತುಂಬಾ ಸಂಕಟವಾಗುವುದು ಇದೇ.

ಲಾವಂಚ ಬಯಲಿನ ಹುಲ್ಲು, ಹೊಲದಲ್ಲೇ ಬೆಳೆಸಬಹುದು. ಒಂದು ಹಿಡಿ ಬೇರು ತೊಳೆದು ರಾತ್ರಿ ಮಡಕೆ ನೀರಿಗೆ ಹಾಕಿದರೆ ಬೆಳಿಗ್ಗೆ ನೀರೇ ಘಮ್ ಅನ್ನುತ್ತದೆ.

ನಮ್ಮ ಬಿಸಿಲಿಗೆ ಅಂತಾದರೆ ಲಾವಂಚವೇ ತಗೊಳ್ಳಿ, ಎಣ್ಣೆಯ ಘಮಕ್ಕೂ ಅದು ಸಾಕು. ನಿದ್ದೆಗೆ ಜಟಾಮಾಂಸಿಯೇ ಬೇಕು ಅನ್ನುವವರು ಮೊದಲು ವೈದ್ಯರನ್ನು ಕೇಳಿ. ಬಸುರಿಯರು, ನಿದ್ದೆ ಮಾತ್ರೆ ಇಲ್ಲವೇ ಬಿಪಿ ಮಾತ್ರೆ ತಗೊಳ್ಳುವವರಂತೂ ಕೇಳದೆ ಮುಟ್ಟಬೇಡಿ.