ಮಾಲೀಕರ ಪರ ವಕೀಲರು, ಆದರೆ ಮೊದಲು ಬೈಯೋದು ಮಾಲೀಕರಿಗೇ (ದೇಶಪಾಂಡೆ ನಗರ, ಹುಬ್ಬಳ್ಳಿ)
ತಾರಿಹಾಳದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ, 22 ಜನ ಇದ್ದಾರೆ. 2023ರಲ್ಲಿ ಒಬ್ಬ ಲೇಥ್ ಆಪರೇಟರ್ ಜೊತೆ ಜಗಳ ಆಯಿತು. ಸಿಟ್ಟಿನ ಭರದಲ್ಲಿ 'ನಾಳಿಂದ ಬರಬ್ಯಾಡ' ಅಂತ ವಾಟ್ಸಾಪ್ ಹಾಕಿಬಿಟ್ಟೆ. ಏಳು ವರ್ಷ ದುಡಿದ ಹುಡುಗ. ಸ್ವಲ್ಪ ದಿನಕ್ಕೇ ಲೇಬರ್ ಆಫೀಸಿನಿಂದ ನೋಟಿಸ್ ಬಂತು.

ಮೊದಲು ನೋಡಿದ ವಕೀಲರು "ಹಾಕ್ಲಿ ಬಿಡ್ರಿ, ಹತ್ತು ವರ್ಷ ಎಳಿಯೋಣ" ಅಂದರು. ಕೇಳೋಕೆ ಹಿತವಾಗಿತ್ತು. ಆಮೇಲೆ ಗೆಳೆಯರೊಬ್ಬರು ಈ ಮೇಡಂ ಹತ್ತಿರ ಕಳಿಸಿದರು. (ವಕೀಲರು ಜಾಹೀರಾತು ಮಾಡೋ ಹಾಗಿಲ್ಲ, ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.)

ನನ್ನ ಮೊಬೈಲ್ ಇಸ್ಕೊಂಡು ಆ ಮೆಸೇಜ್ ಎರಡು ಸಲ ಓದಿದರು. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ಸಾವ್ಕಾರ್ರ, ಚಾರ್ಜ್‌ಶೀಟ್, ಅಂದ್ರ ಅವನ ತಪ್ಪೇನು ಅಂತ ಬರದು, ಕೊಟ್ಟೀರೇನು? ಎನ್‌ಕ್ವಯರಿ ಮಾಡೀರೇನು? ಅವನ ಮಾತರ ಕೇಳೀರೇನು?" ಮೂರಕ್ಕೂ ಇಲ್ಲ ಅಂದೆ. "ಹಂಗಾದ್ರ ಕೋರ್ಟಿನ್ಯಾಗ ನಾ ಏನಂತ ವಾದ ಮಾಡ್ಲಿ?"

ಬಂದ ಕೇಸು ಬಿಡದೆ ಫೀಸು ಎಣಿಸೋರ ಮಧ್ಯೆ ಇದು ಅಪರೂಪ ಅಲ್ವಾ. ವರ್ಷಕ್ಕೆ 240 ದಿನ ಕೆಲಸ ಮಾಡಿದವನನ್ನು ಸುಮ್ನೆ ಬಿಡಿಸೋಕೆ ಬರಲ್ಲ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಮೇಲೆ ವರ್ಷಕ್ಕೆ 15 ದಿನದ ಸಂಬಳ ಪರಿಹಾರ, ತಪ್ಪು ಮಾಡಿದ ಅಂತ ತೆಗೆಯೋದಾದರೆ ವಿಚಾರಣೆ ಆಗಲೇಬೇಕು, ಸೋತರೆ ಅವನನ್ನು ವಾಪಸ್ ತಗೊಂಡು ಕೂತ ದಿನಗಳ ಸಂಬಳವನ್ನೂ ಕೊಡಬೇಕಾಗಬಹುದು ಅಂತ ಕೂರಿಸಿಕೊಂಡು ಹೇಳಿದರು. ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದವನು ಕೆಲಸ ಬಿಡುವಾಗ ಕೊಡಬೇಕಾದ ಹಣ) ಬೇರೆ.

ಗ್ರಾಚ್ಯುಟಿ ಲೆಕ್ಕ ನಾನೇ ಮಾಡಿಕೊಂಡು ಹೋಗಿದ್ದೆ. 15,600 ಸಂಬಳ, 30ರಿಂದ ಭಾಗಿಸಿ 54,600 ಅಂತ ಬರೆದಿದ್ದೆ. ಮೇಡಂ ಪೆನ್ಸಿಲ್ ತಗೊಂಡು 30 ಹೊಡೆದುಹಾಕಿ 26 ಬರೆದರು. ದಿನಕ್ಕೆ 600, ಹದಿನೈದು ದಿನಕ್ಕೆ 9,000, ಏಳು ವರ್ಷಕ್ಕೆ 63,000. ಗ್ರಾಚ್ಯುಟಿ ಲೆಕ್ಕಕ್ಕೆ ಕಾನೂನಿನಲ್ಲಿ ತಿಂಗಳು ಅಂದರೆ 26 ದಿನ! ನಮ್ಮ ಅಕೌಂಟೆಂಟ್‌ಗೂ ಗೊತ್ತಿರಲಿಲ್ಲ. ಕೊನೆಗೆ ಲೇಬರ್ ಆಫೀಸರ್ ಎದುರೇ ರಾಜಿ ಆಯಿತು, ಕೋರ್ಟ್ ಮೆಟ್ಟಿಲು ಹತ್ತಲಿಲ್ಲ.

2025ರ ನವೆಂಬರ್ 21ಕ್ಕೆ ಹೊಸ ಲೇಬರ್ ಕೋಡ್‌ಗಳು (ಕಾರ್ಮಿಕ ಕಾನೂನುಗಳು) ಜಾರಿಗೆ ಬಂದ ಮೇಲೆ ಮತ್ತೆ ಹೋಗಿದ್ದೆ. ಎಲ್ಲರಿಗೂ ನೇಮಕಾತಿ ಪತ್ರ ಬರೆಸಿದರು. ಬೇಸಿಕ್ ಕಡಿಮೆ ತೋರಿಸಿ ಅಲೊವೆನ್ಸ್ ಜಾಸ್ತಿ ತೋರಿಸೋ ನಮ್ಮ ಹಳೇ ಚಾಳಿ ಇನ್ನು ನಡೆಯಲ್ಲ, ಅಲೊವೆನ್ಸ್ ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾದರೆ ಹೆಚ್ಚಾದದ್ದು ವೇತನಕ್ಕೇ ಸೇರುತ್ತದೆ ಅಂದರು.

ಕೊರತೆ ಇಲ್ಲ ಅಂತಲ್ಲ. ಫೋನ್ ಎತ್ತೋದು ಕಡಿಮೆ. ಸಂಜೆ ಆರಕ್ಕೆ ಬನ್ನಿ ಅಂದರೆ ಏಳೂವರೆ ಗ್ಯಾರಂಟಿ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಫೀಸು ಸ್ವಲ್ಪ ಜಾಸ್ತಿನೇ, ಆದರೆ ಮೊದಲೇ ಹೇಳುತ್ತಾರೆ. ಹೋಗುವಾಗ ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್ ಒಯ್ಯಿರಿ. ನಾನು ಬರಿಗೈಲಿ ಹೋಗಿ, ಅವತ್ತೇ ತಾರಿಹಾಳಕ್ಕೆ ಇನ್ನೊಂದು ಸಲ ಗಾಡಿ ಓಡಿಸಿದ್ದೆ.