ಹಳೇ ಹಾಡಿನ ಪುಸ್ತಕ, ಬೆಂಕಿಪೊಟ್ಟಣದ ಲೇಬಲ್: ಮಲೆನಾಡಿನ ಮಳೆಗೆ ಯಾವುದರಲ್ಲಿ ಇಟ್ಟರೆ ಉಳಿಯುತ್ತವೆ?

ನನ್ನ ಹತ್ತಿರ ಬೆಂಕಿಪೊಟ್ಟಣದ ಲೇಬಲ್ ಸುಮಾರು 800 ಇವೆ. ಚಿತ್ರದ ಹಾಡು, ಕಥಾಸಾರ ಅಚ್ಚಾಗಿರುವ ಸಿನಿಮಾ ಹಾಡಿನ ಪುಸ್ತಕ 200ರ ಹತ್ತಿರ. ಜೊತೆಗೆ ಅಜ್ಜನಿಗೆ ಬಂದ ಪೋಸ್ಟ್ ಕಾರ್ಡುಗಳು, ಹಳೇ ಬಸ್ ಟಿಕೆಟ್, ಮದುವೆ ಕಾಗದ. ಇವನ್ನೆಲ್ಲ ಕೂಡಿಹಾಕುವುದು ನನಗೆ ಕಷ್ಟ ಆಗಲಿಲ್ಲ. ಉಳಿಸಿಕೊಳ್ಳುವುದೇ ಕಷ್ಟವಾಗಿದ್ದು. ನಮ್ಮ ಮನೆ ತೀರ್ಥಹಳ್ಳಿ ಕಡೆ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಗೋಡೆ ಒಣಗುವುದಿಲ್ಲ. ಉಟ್ಟ ಬಟ್ಟೆಯನ್ನೇ ಒಲೆಯ ಕಾವಿಗೆ ಒಣಗಿಸುವ ಊರಲ್ಲಿ 50 ವರ್ಷದ ಕಾಗದದ ಗತಿ ಏನು ಹೇಳಿ?

ಹದಿನೈದು ವರ್ಷದಲ್ಲಿ ನಾಲ್ಕು ಬಗೆಯಲ್ಲಿ ಇಟ್ಟು ನೋಡಿದ್ದೇನೆ. ಟ್ರಂಕಿನಲ್ಲಿ ಬೇವಿನ ಸೊಪ್ಪು ಹಾಕಿ ಇಡುವ ಅಜ್ಜಿಯ ಕ್ರಮವನ್ನು ಇದರಲ್ಲಿ ಸೇರಿಸಿಲ್ಲ. ಅದು ಹುಳಕ್ಕೆ ಸ್ವಲ್ಪ ತಡೆಯಾಗಬಹುದು, ಆದರೆ ತೇವಕ್ಕೆ ಏನೂ ಮಾಡುವುದಿಲ್ಲ. ಸೊಪ್ಪಿನ ಕಲೆ ಬೇರೆ ಕಾಗದಕ್ಕೆ ಹತ್ತಿತು.

ಮೊದಲು ಕೊಂಡಿದ್ದು ಅಂಟಿರುವ ಫೋಟೊ ಆಲ್ಬಮ್. ದಪ್ಪ ರಟ್ಟಿನ ಹಾಳೆ, ಅದರ ಮೇಲೆ ಅಂಟಿನ ಗೆರೆಗಳು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಲೇಬಲ್ ಇಟ್ಟು ಹೊದಿಕೆ ಎಳೆದರೆ ಮುಗಿಯಿತು. ನೋಡುವುದಕ್ಕೂ ತುಂಬ ಚೆಂದ. ಮೂರನೇ ಮಳೆಗಾಲಕ್ಕೆ ಅಂಟಿನ ಗೆರೆಗಳು ಹಳದಿ ತಿರುಗಿ ಲೇಬಲ್ಲಿನ ಮುಂಭಾಗಕ್ಕೂ ಇಳಿದವು. ಕೀಳಲು ಹೋದರೆ ಮೇಲ್ಪದರವೇ ಹರಿಯಿತು. ಹುಲಿ, ನವಿಲು, ಕಮಲದ ಚಿತ್ರವಿದ್ದ 30 ಶಿವಕಾಶಿ ಲೇಬಲ್‌ಗಳನ್ನು ಹಾಗೆ ಕಳೆದುಕೊಂಡೆ. ಉಳಿದವನ್ನು ಬಿಡಿಸಿದ್ದು ಹಲ್ಲಿನ ಸಂದು ಸ್ವಚ್ಛ ಮಾಡುವ ದಾರದಿಂದ. ಲೇಬಲ್ಲಿನ ಹಿಂದೆ ತೂರಿಸಿ ನಿಧಾನವಾಗಿ ಗರಗಸದಂತೆ ಎಳೆಯಬೇಕು. ಒಂದು ಹಾಳೆಗೆ ಒಂದು ಸಂಜೆ ಬೇಕಾಯಿತು.

ಈ ಆಲ್ಬಮ್ಮಿನದು ಇನ್ನೊಂದು ತೊಂದರೆ ಇದೆ. ವಸ್ತುವಿನ ಬೆನ್ನು ಕಾಣುವುದಿಲ್ಲ. ನಮ್ಮಂಥವರಿಗೆ ಹಿಂದುಮುಂದು ಎರಡೂ ಬೇಕು ಅಲ್ವಾ? ಕಾಲ ಗೊತ್ತಾಗುವುದೇ ಅಲ್ಲಿರುವ ಸಣ್ಣ ಅಕ್ಷರಗಳಿಂದ. ಟಿಕೆಟ್ಟಿನಲ್ಲಿ ‘ನಯಾ ಪೈಸೆ’ ಅಂತ ಇದ್ದರೆ ಅದು 1957ರ ಏಪ್ರಿಲ್‌ಗೂ 1964ಕ್ಕೂ ನಡುವಿನದು ಅಂತ ಹೇಳಬಹುದು. ‘ಮೈಸೂರು ರಾಜ್ಯ’ ಅಂತಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಪೋಸ್ಟ್ ಕಾರ್ಡಿನ ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಇಂಥ ಗುರುತನ್ನು ಅಂಟಿನ ಕೆಳಗೆ ಮುಚ್ಚುವುದು ನನಗೆ ಒಪ್ಪಿಗೆ ಇಲ್ಲ.

ಎರಡನೆಯದು ಪಿವಿಸಿ ಪಾಕೆಟ್ ಇರುವ ಫೈಲು. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ಕಡಿಮೆ, ಎರಡೂ ಬದಿ ಕಾಣುತ್ತದೆ. ಅಂಟಿನ ಕಾಟ ತಪ್ಪಿತು ಅಂತ ಪೋಸ್ಟ್ ಕಾರ್ಡುಗಳನ್ನೆಲ್ಲ ಇದಕ್ಕೆ ಹಾಕಿದೆ. ಎರಡು ವರ್ಷ ಕಳೆದು ತೆಗೆದಾಗ ಅಜ್ಜನ ತಮ್ಮ ಬರೆದ ಒಂದು ಕಾರ್ಡಿನ ಶಾಯಿ ಪ್ಲಾಸ್ಟಿಕ್ಕಿಗೆ ಹತ್ತಿಕೊಂಡಿತ್ತು. ಅಕ್ಷರ ಉಲ್ಟಾ ಆಗಿ ಪಾಕೆಟ್ಟಿನ ಒಳಗೆ ಕೂತಿತ್ತು. ಅದನ್ನು ನೋಡಿದಾಗ ಹೊಟ್ಟೆ ಕಿವುಚಿದ ಹಾಗಾಯಿತು.

ಕಾರಣ ಆಮೇಲೆ ತಿಳಿಯಿತು. ಪಿವಿಸಿ ಸ್ವಭಾವದಲ್ಲಿ ಗಟ್ಟಿ. ಅದನ್ನು ಬಾಗುವಂತೆ ಮಾಡಲು ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ಅದು ವರ್ಷ ಕಳೆದಂತೆ ಹೊರಗೆ ಒಸರಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಪಿವಿಸಿ ಹಳತಾದಾಗ ಆಸಿಡ್ಡನ್ನೂ ಬಿಡುತ್ತದೆ. ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿಯೇ ಅಂತ ಅನುಮಾನ ಪಡಿ. ಖಚಿತ ಮಾಡಿಕೊಳ್ಳಲು ತಾಮ್ರದ ತಂತಿಯ ಪರೀಕ್ಷೆ ಇದೆ. ತಂತಿಯನ್ನು ಕೆಂಪಗೆ ಕಾಯಿಸಿ ಪ್ಲಾಸ್ಟಿಕ್ಕಿನ ಚೂರಿಗೆ ಮುಟ್ಟಿಸಿ, ಮತ್ತೆ ಬೆಂಕಿಗೆ ಹಿಡಿಯಬೇಕು. ಉರಿ ಹಸಿರಾದರೆ ಪಿವಿಸಿ. ಅಂಗಳದಲ್ಲೇ ಮಾಡಿ, ಆ ಹೊಗೆ ಒಳ್ಳೆಯದಲ್ಲ.

ಮೂರನೆಯದು ಪಾಲಿಯೆಸ್ಟರ್ ಪಾಕೆಟ್. ಬಟ್ಟೆಯ ಪಾಲಿಯೆಸ್ಟರ್ ಅಲ್ಲ, ತೆಳು ಪ್ಲಾಸ್ಟಿಕ್ ಹಾಳೆಯದು. ಅಂಚೆಚೀಟಿ ಸಂಗ್ರಹಿಸುವವರು ಬಳಸುತ್ತಾರೆ. ಗಾಜಿನಂತೆ ತಿಳಿ, ವಾಸನೆ ಇಲ್ಲ, ಮುಟ್ಟಿದರೆ ಗರಗರ ಸದ್ದು. ನಾನು ಕೊಂಡಾಗ ಪಿವಿಸಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಬೆಲೆ ಇತ್ತು. ಲೇಬಲ್‌ಗಳಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಮನೆಗೆ ಬಂದ ಮಕ್ಕಳ ಕೈಗೂ ಧೈರ್ಯವಾಗಿ ಕೊಡಬಹುದು. ಆರು ವರ್ಷದಲ್ಲಿ ಒಂದು ಲೇಬಲ್ಲೂ ಬಣ್ಣ ಬಿಟ್ಟಿಲ್ಲ.

ಆದರೆ ಹಾಡಿನ ಪುಸ್ತಕಗಳ ವಿಷಯದಲ್ಲಿ ಇದು ಕೈಕೊಟ್ಟಿತು. ಜುಲೈ ತಿಂಗಳಲ್ಲಿ, ಜಡಿಮಳೆಯಲ್ಲಿ, ಪುಸ್ತಕಗಳನ್ನು ಪಾಕೆಟ್ಟಿಗೆ ಹಾಕಿ ಬಾಯಿ ಮುಚ್ಚಿಬಿಟ್ಟೆ. ಕಾಗದದಲ್ಲಿದ್ದ ತೇವ ಒಳಗೇ ಉಳಿಯಿತು. ದೀಪಾವಳಿಗೆ ತೆಗೆದರೆ ಹನ್ನೊಂದು ಪುಸ್ತಕಕ್ಕೆ ಬೂಷ್ಟು. ಈಗ ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಗಾಳಿ ಒಣಗಿರುವಾಗ ಮಾತ್ರ ಪಾಕೆಟ್ಟಿಗೆ ತುಂಬುತ್ತೇನೆ. ಒಂದು ಬದಿ ತೆರೆದೇ ಇಡುತ್ತೇನೆ. ಪೆನ್ಸಿಲ್ಲಿನಲ್ಲಿ ಬರೆದ ಕಾರ್ಡುಗಳನ್ನು ಇದಕ್ಕೆ ಹಾಕುವುದಿಲ್ಲ. ಈ ಪ್ಲಾಸ್ಟಿಕ್ ಉಜ್ಜಿದಾಗ ಧೂಳು ಸೆಳೆಯುವ ಹಾಗೆ ಪೆನ್ಸಿಲ್ ಪುಡಿಯನ್ನೂ ಸೆಳೆಯುತ್ತದೆ.

ನಾಲ್ಕನೆಯದು ಕಾಗದದ ಲಕೋಟೆ. ಆಸಿಡ್ ಇಲ್ಲದ ಕಾಗದ ತರಿಸಿ, ನಾನೇ ಮಡಿಚಿ ಮಾಡಿಕೊಂಡಿದ್ದು. ಗೋಂದು ಹಾಕುವುದಿಲ್ಲ, ಸುಮ್ನೆ ನಾಲ್ಕು ಕಡೆ ಮಡಿಕೆ. ಕಾಗದದಲ್ಲಿ ಆಸಿಡ್ ಇದೆಯೋ ಇಲ್ಲವೋ ನೋಡಲು ಪಿಎಚ್ ಪೆನ್ ಸಿಗುತ್ತದೆ. ಗೆರೆ ನೇರಳೆ ಬಣ್ಣಕ್ಕೆ ಬಂದರೆ ಸರಿ, ಹಳದಿಯಾದರೆ ಆ ಕಾಗದ ಬೇಡ. ಹಾಡಿನ ಪುಸ್ತಕದ ಮೇಲೆ ಮಾತ್ರ ಗೀಚಬೇಡಿ, ಕಲೆ ಹೋಗುವುದಿಲ್ಲ.

ಹಾಡಿನ ಪುಸ್ತಕಗಳಿಗೆ ಇದೇ ಸರಿ ಅಂತ ನನ್ನ ತೀರ್ಮಾನ. ಅವು ಮರವನ್ನು ಅರೆದು ಮಾಡಿದ ಅಗ್ಗದ ಕಾಗದ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ಪದಾರ್ಥ ಅದರಲ್ಲೇ ಉಳಿದಿರುತ್ತದೆ. ಬೆಳಕು ಮತ್ತು ಗಾಳಿ ತಾಗಿದಂತೆ ಹಳದಿಯಾಗಿ, ಆಸಿಡ್ ಹುಟ್ಟಿ, ಹಪ್ಪಳದಂತೆ ಮುರಿಯುತ್ತದೆ. ಕಾಗದದ ಲಕೋಟೆ ಬೆಳಕು ತಡೆಯುತ್ತದೆ. ತೇವವನ್ನು ಒಳಗೆ ಕೂಡಿಹಾಕುವುದಿಲ್ಲ. ಸುಣ್ಣದ ಅಂಶ ಸೇರಿಸಿದ ಕಾಗದವಾದರೆ ಆಸಿಡ್ಡನ್ನೂ ಒಂದಿಷ್ಟು ತಡೆಯುತ್ತದೆ. ನಾಲ್ಕು ಮಳೆಗಾಲ ಕಳೆದಿವೆ, ಹೊಸದಾಗಿ ಬೂಷ್ಟು ಬಂದಿಲ್ಲ. ಹೊರಗೋಡೆಗೆ ತಾಗದ ಕಪಾಟಿನಲ್ಲಿ, ನೆಲದಿಂದ ಮೇಲೆ ಇಟ್ಟಿದ್ದೂ ಇದಕ್ಕೆ ಕಾರಣ ಇರಬೇಕು. ಕೊರತೆ ಅಂದರೆ ಒಳಗೇನಿದೆ ಅಂತ ಕಾಣುವುದಿಲ್ಲ. ಲಕೋಟೆಯ ಮೇಲೆ ಹೆಸರು, ವರ್ಷ ಬರೆಯಬೇಕು. ಅದನ್ನೂ ಪುಸ್ತಕ ಒಳಗೆ ಹಾಕುವ ಮೊದಲೇ, ಪೆನ್ಸಿಲ್ಲಿನಲ್ಲೇ ಬರೆಯಬೇಕು. ಆಮೇಲೆ ಒತ್ತಿ ಬರೆದರೆ ಒಳಗಿನ ಪುಸ್ತಕಕ್ಕೆ ಅಚ್ಚು ಬೀಳುತ್ತದೆ.

ಹಾಗಾಗಿ ನನ್ನ ಮನೆಯಲ್ಲಿ ಈಗ ಎರಡೇ ಉಳಿದಿವೆ. ಲೇಬಲ್, ಟಿಕೆಟ್, ಶಾಯಿಯಲ್ಲಿ ಬರೆದ ಕಾರ್ಡು ಪಾಲಿಯೆಸ್ಟರಿಗೆ. ಹಾಡಿನ ಪುಸ್ತಕ, ಪೆನ್ಸಿಲ್ ಬರಹ ಕಾಗದದ ಲಕೋಟೆಗೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದು ಒಂದೇ ಆರಿಸಬೇಕು ಅಂದರೆ, ನಮ್ಮ ಕಡೆಯವರಿಗೆ ನಾನು ಕಾಗದವನ್ನೇ ಹೇಳುತ್ತೇನೆ. ಬಯಲುಸೀಮೆಯ ಒಣ ಹವೆಯಲ್ಲಿ ಇರುವವರು ಪಾಲಿಯೆಸ್ಟರನ್ನು ಇನ್ನೂ ಧಾರಾಳವಾಗಿ ಬಳಸಬಹುದು.

ಯಾವುದಕ್ಕೆ ಹಾಕಿದರೂ ಮೊದಲು ಪಿನ್ನು ಬಿಚ್ಚಬೇಕು. ಹಾಡಿನ ಪುಸ್ತಕದ ನಡುವಿನ ಕಬ್ಬಿಣದ ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿಂದುಹಾಕುತ್ತದೆ. ತುದಿಗಳನ್ನು ಮೆಲ್ಲಗೆ ನೆಟ್ಟಗೆ ಮಾಡಿ ತೆಗೆದು, ಅದೇ ತೂತಿನಲ್ಲಿ ಹತ್ತಿ ದಾರ ಪೋಣಿಸಿ ಸಡಿಲವಾಗಿ ಕಟ್ಟುತ್ತೇನೆ. ಕಥಾಸಾರದ ಕೊನೆಯಲ್ಲಿ ‘ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ’ ಅನ್ನುವ ಸಾಲು ತುಕ್ಕಿನ ಪಕ್ಕದಲ್ಲೇ ಇನ್ನೂ ಓದಲು ಸಿಗುವ ಪುಸ್ತಕಗಳು ನನ್ನಲ್ಲಿ ಅರವತ್ತು ಬಾಕಿ ಇವೆ. ಈ ಫೆಬ್ರವರಿಗೆ ಅವುಗಳ ಪಿನ್ನು ಬಿಚ್ಚಬೇಕು.